ಕರೆಂಟ್ ಹೋದಾಗ ನುಡಿಸುವುದು

ಜಮಖಂಡಿಯ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಸಂಗೀತ ಕಲಿಸಿ ನಿವೃತ್ತಳಾದ ಕಸ್ತೂರೆವ್ವನಿಗೆ ಒಂದೇ ಹುಚ್ಚು ಉಳಿದಿತ್ತು. ಯುರೋಪಿನವರು ನೂರೈವತ್ತು ವರ್ಷದ ಹಿಂದೆ ನಾಲ್ಕು ತಂತಿವಾದ್ಯಗಳಿಗೆಂದು ಕಟ್ಟಿದ ರಚನೆಯೊಂದರ ಕ್ಯಾಸೆಟ್ ಅವಳ ಬಳಿ ಇತ್ತು. ಅದರ ಮೂರನೆಯ ಭಾಗ ನಾಲ್ಕೇ ನಿಮಿಷದ್ದು. ಓಡುತ್ತದೆ, ಜಿಗಿಯುತ್ತದೆ, ಒಂದು ವಾದ್ಯದ ಮಾತನ್ನು ಇನ್ನೊಂದು ಬಾಯಿಂದ ಕಸಿದುಕೊಳ್ಳುತ್ತದೆ. ಒಂದು ಮಳೆಗಾಲವಿಡೀ ಕೂತು ಅದನ್ನು ಸರಿಗಮದಲ್ಲಿ ಬರೆದುಕೊಂಡಿದ್ದಳು. ಸಾಯುವುದರೊಳಗೆ ಒಮ್ಮೆ ನುಡಿಸಬೇಕು.

ಜನ ಸಿಕ್ಕರು. ತನ್ನ ಹಳೆಯ ಶಿಷ್ಯೆ, ತೇರದಾಳದ ಪದ್ಮವ್ವ. ಬನಹಟ್ಟಿಯ ನೇಕಾರ ಶಂಕರೆಪ್ಪ. ಇಬ್ಬರದೂ ಪಿಟೀಲು, ಕಸ್ತೂರೆವ್ವನದೂ ಅದೇ. ನಾಲ್ಕನೆಯದಾಗಿ ಬೇಕಾದ ದಪ್ಪ ದನಿಯ ದೊಡ್ಡ ಪಿಟೀಲು ಈ ಸೀಮೆಯಲ್ಲಿ ಎಲ್ಲೂ ಇಲ್ಲವಾಗಿ, ಭಜನಾ ಮಂಡಳಿಯ ಬಾಳಾಸಾಹೇಬ ಕಮಾನಿನಿಂದಲೇ ನುಡಿಸುವ ದಿಲ್‌ರುಬಾ ಹೊತ್ತು ಬಂದ. ತೊಂದರೆಯೆಂದರೆ, ಶಂಕರೆಪ್ಪ ಮಗ್ಗ ಬಿಟ್ಟು ಎಲ್ಲಿಗೂ ಬರಲಾರ. ಅವನ ಪಡಸಾಲೆಯಲ್ಲೇ ಕೂಡಬೇಕು. ಗೋಡೆಯಾಚೆ ಎಂಟು ಪವರ್‌ಲೂಮು, ಓಣಿ ತುಂಬ ಇನ್ನೂ ಇನ್ನೂರು. ಕರೆಂಟ್ ಹೋದರಷ್ಟೇ ಸಂಗೀತ.

ಕರೆಂಟೇನೋ ದಿನಾ ಹೋಗುತ್ತಿತ್ತು, ಹೇಳಿದ ಹೊತ್ತಿಗೆ ಮಾತ್ರ ಅಲ್ಲ. ಬಸ್ಸು ಹತ್ತಿ ಬಂದು ಕಾದು ಕೂತವಳಿಗೆ ಸಿಗುತ್ತಿದ್ದುದು ಅರ್ಧ ತಾಸು. ಅದರಲ್ಲೂ ಬಾಳಾಸಾಹೇಬ ಪ್ರತಿ ಸ್ವರವನ್ನೂ ಅಭಂಗದಂತೆ ಎಳೆಯುತ್ತಿದ್ದ.

“ಎಳೀಬ್ಯಾಡ್ರಿ! ಕುಟ್ಟಿ ಬಿಡ್ರಿ!”

“ಕೈ ತಾನ ಎಳೀತೈತ್ರಿ ಅಕ್ಕೋರ. ಎಳೀದಿದ್ರ ಬಿಕೋ ಅಂತೈತಿ.”

ಮತ್ತೆ ಮತ್ತೆ ಮೊದಲಿಂದ ಹಿಡಿದು ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ದೀಪ ಹತ್ತುತ್ತಿತ್ತು. ಶಂಕರೆಪ್ಪ ಪಿಟೀಲನ್ನು ಮಂಚದ ಮೇಲಿಟ್ಟು ಮಗ್ಗದ ಕಡೆ ಓಡುತ್ತಿದ್ದ.

“ಶಂಕರೆಪ್ಪಾ, ಇನ್ನೊಂದ ನಿಮಿಷರೀ!”

“ಮಗ್ಗದಾಗ ನೂಲಿನ ಎಳಿ ಹರದಾವ್ರಿ ಅಕ್ಕೋರ!”

ಒಂದು ತಿಂಗಳಾದರೂ ಕೊನೆಯ ಪುಟ ಕಾಣಲಿಲ್ಲ. ಅಷ್ಟರಲ್ಲಿ, ಮಂಗಳವಾರ ಲೈನ್ ರಿಪೇರಿ, ಸಂಜೆ ಆರರ ತನಕ ಕರೆಂಟ್ ಇಲ್ಲ ಎಂದು ಪ್ರಕಟಣೆ ಬಂತು. ಕಸ್ತೂರೆವ್ವ ಒಂಬತ್ತಕ್ಕೇ ಬಂದು ಕೂತಳು. ಪದ್ಮವ್ವನ ಬಸ್ಸು ಕೆಟ್ಟು ಅವಳು ಬಂದದ್ದು ಹನ್ನೆರಡಕ್ಕೆ. ಆಮೇಲೆ ದಿಲ್‌ರುಬಾದ ತಂತಿ ಹರಿಯಿತು. ಅಂತೂ ಶುರುವಾಯಿತು, ಮೊದಲ ಪುಟ, ಎರಡು, ಮೂರು. ಬಾಳಾಸಾಹೇಬ ಕೂಡ ಕುಟ್ಟುತ್ತಿದ್ದ! ಕೊನೆಯ ಪುಟ ತಿರುವಿದ್ದೇ ತಡ, ಒಂದು ಗಂಟೆಗೇ ದೀಪ ಹತ್ತಿ, ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಅಬ್ಬರಿಸಿದವು.

ಶಂಕರೆಪ್ಪ ಅರ್ಧ ಎದ್ದ. ತಿಂಗಳಿಡೀ ಗೊಣಗುತ್ತಿದ್ದ ಅವನ ಹೆಂಡತಿ ಅನಸವ್ವ ಬಾಗಿಲಿಗೆ ಅಡ್ಡ ನಿಂತು ಕೂಗಿದಳು: “ಕುಂದರ್ರಿ! ಮುಗಿಸೇ ಏಳ್ರಿ. ಈ ಕಾಟ ಒಮ್ಮೆ ಹೋಗಲಿ.”

ಅವನು ಕೂತ. ಆ ಮನೆಯ ಎಂಟು ಮಗ್ಗ ಸುಮ್ಮನಿದ್ದವು, ಓಣಿಯವು ಇರಲಿಲ್ಲ. ಕಸ್ತೂರೆವ್ವನಿಗೆ ತನ್ನ ಪಿಟೀಲೇ ಕೇಳಿಸದು. ತಲೆಯಾಡಿಸಿ ಒಂದು, ಎರಡು, ಮೂರು ಎಣಿಸುತ್ತ, ಉಳಿದವರ ಕೈ ನೋಡುತ್ತ ನುಡಿಸಿದಳು. ನಾಲ್ಕೂ ಕಮಾನು ಒಟ್ಟಿಗೇ ಮೇಲೆದ್ದು ನಿಂತವು.

“ಬರೋಬ್ಬರಿ ಆತೇನ್ರಿ ಅಕ್ಕೋರ?” ಶಂಕರೆಪ್ಪ ಬೆವರೊರೆಸುತ್ತ ಅರಚಿದ.

“ಒಂದ ಸ್ವರಾನೂ ಕೇಳಸಲಿಲ್ಲಲ್ರಿ! ನನ್ನೇನ ಕೇಳ್ತೀರಿ?”

ಅನಸವ್ವ ಅಷ್ಟರಲ್ಲಿ ಮಗ್ಗಗಳ ಸ್ವಿಚ್ ಒತ್ತಿಯಾಗಿತ್ತು.