ಬಲಗಾಲಿನ ಬೂಟು

ನಮ್ಮ ಮನೆಗೆ ಸೂರ್ಯ ನವೆಂಬರ್ ನಡುವಿನಲ್ಲಿ ಬೆನ್ನು ತೋರಿಸಿದರೆ, ಮತ್ತೆ ಮುಖ ತೋರಿಸುವುದು ಜನವರಿ ಇಪ್ಪತ್ತೈದಕ್ಕೆ. ಐಸ್‌ಲ್ಯಾಂಡಿನ ಈ ಕೊಲ್ಲಿಗೆ ಮೂರು ಕಡೆಯೂ ಬೆಟ್ಟ. ಅವನಾದರೂ ಏನು ಮಾಡಿಯಾನು, ಪಾಪ. ಅಡುಗೆಮನೆಯ ಕಿಟಕಿಗೆ ಬಿಸಿಲು ಬಿದ್ದ ದಿನ ತೆಳ್ಳಗೆ ಪ್ಯಾನ್‌ಕೇಕ್ ಹುಯ್ದು ಕಾಫಿ ಕುಡಿಯುತ್ತೇವೆ. ಅದಕ್ಕೆ ಸೂರ್ಯಕಾಫಿ ಎಂದು ಹೆಸರು. ಅಲ್ಲಿಯವರೆಗೆ ಹಲ್ಲು ಕಚ್ಚಿಕೊಂಡು ಇರಬೇಕು. ನಾನು ಇರುತ್ತೇನೆ. ನನ್ನ ಗಂಡ ಎಗ್ಗರ್ಟ್‌ನ ಕೈಲಿ ಆಗುವುದಿಲ್ಲ.

ಮೂವತ್ತು ವರ್ಷ ಮೀನಿನ ದೋಣಿ ನಡೆಸಿದವನು, ಕತ್ತಲು ಶುರುವಾದರೆ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಾನೆ. ಮೀನೆಣ್ಣೆ ಕುಡಿಸಿದ್ದಾಯಿತು, ಬೆಳಕಿನ ಪೆಟ್ಟಿಗೆಯ ಮುಂದೆ ಕೂರಿಸಿದ್ದಾಯಿತು. ಹೋದ ವರ್ಷ ನಾನೇ ಅಂಗಿ ತೊಡಿಸಿ, ಬೂಟಿನ ದಾರ ಕಟ್ಟಿ ಹೊರಗೆ ಕರೆದೊಯ್ದೆ. ಮರುದಿನದಿಂದ ಅವನು ಕೈ ಎತ್ತುವುದನ್ನೇ ಬಿಟ್ಟ. ಮಾರ್ಚ್‌ವರೆಗೆ ಗುಂಡಿ ಹಾಕಲೂ ನಾನೇ ಬೇಕಾಯಿತು. ಈ ಸಲ ನರ್ಸ್ ಖಡಾಖಂಡಿತವಾಗಿ ಹೇಳಿದ್ದಳು: "ಅವರ ಕೆಲ್ಸ ಅವರೇ ಮಾಡ್ಕೊಳ್ಳಿ. ನೀವು ಕೈ ಹಾಕ್ಬೇಡಿ."

ಡಿಸೆಂಬರ್ ಇಪ್ಪತ್ತರ ಸಂಜೆ ಅವನು ಗೋಡೆಯ ಕಡೆಯೇ ನೋಡುತ್ತ ಕೇಳಿದ: "ಉನ್ನುರ್, ನಾಳೆ ಕೊಲ್ಲಿ ಬಾಯಿಗೆ ಹೋಗಿ ಸೂರ್ಯನ್ನ ನೋಡ್ಕೊಂಡ್ ಬರೋಣ್ವಾ?"

ಐದು ವಾರದಲ್ಲಿ ಅವನಾಗಿಯೇ ಬೇಕೆಂದು ಕೇಳಿದ್ದು ಇದೊಂದೇ. ಕೊಲ್ಲಿಯ ಬಾಯಲ್ಲಿ ಬೆಟ್ಟದ ಅಡ್ಡಿಯಿಲ್ಲ. ವರ್ಷದ ಅತಿ ಚಿಕ್ಕ ದಿನವೂ ಅಲ್ಲಿ ಸೂರ್ಯ ಹನ್ನೆರಡೂವರೆಯಿಂದ ಎರಡೂವರೆಯವರೆಗೆ ಕಡಲಿನ ಮೇಲೆ ತಲೆಯೆತ್ತುತ್ತಾನೆ. ಕಾರಿನಲ್ಲಿ ನಲವತ್ತು ನಿಮಿಷ, ಆಮೇಲೆ ಹಿಮದಲ್ಲಿ ಸ್ವಲ್ಪ ನಡಿಗೆ. ಖುಷಿಗೆ ನನಗೆ ನಿದ್ದೆಯೇ ಹತ್ತಲಿಲ್ಲ.

ಮರುದಿನ ಹನ್ನೊಂದಕ್ಕೆ ಅವನು ಬಾಗಿಲ ಬಳಿಯ ಬೆಂಚಿನಲ್ಲಿ ಕೂತು ಎಡಗಾಲಿನ ಬೂಟು ಹಾಕಿ ದಾರ ಕಟ್ಟಿದ. ಬಲಗಾಲಿನದಕ್ಕೆ ಕಾಲು ತೂರಿಸಿದ. ಎರಡು ದಾರಗಳನ್ನೂ ಹಿಡಿದುಕೊಂಡ. ಅಲ್ಲಿಗೆ ಕೈ ನಿಂತುಹೋಯಿತು.

ಹನ್ನೆರಡಕ್ಕೆ ಪಕ್ಕದ ಮನೆಯ ಸಾಲ್ವರ್ ಬಂದಳು. ಹಬ್ಬಕ್ಕೆಂದು ಹುಳಿ ಬರಿಸಿದ ಮೀನಿನ ನಾತ ಅವಳಿಗಿಂತ ಮೊದಲೇ ಒಳಗೆ ಬಂತು. ಮೇಜಿನ ಮೇಲಿನ ಬುತ್ತಿ ಅವಳ ಕಣ್ಣಿಗೆ ಬಿತ್ತು.

"ಏನೇ ಇದು, ಫ್ಲಾಸ್ಕು, ಪ್ಯಾನ್‌ಕೇಕು! ಡಿಸೆಂಬರ್‌ನಲ್ಲೇ ಸೂರ್ಯಕಾಫಿನಾ? ಕೂಸು ಹುಟ್ಟೋಕ್ ಮುಂಚೆ ಕುಲಾವಿ ಅಂದ್ಹಾಗಾಯ್ತು."

"ನಿನ್ ಮೀನು ಕೊಳೀತಿರ್ಬೇಕು, ಹೋಗಿ ನೋಡ್ಕೋ," ಎಂದೆ.

ಅವಳು ಎಗ್ಗರ್ಟ್‌ನ ಕಡೆ ತಿರುಗಿದಳು. "ಇವತ್ತೊಂದಿನ ತಡ್ಕೋ ಮಾರಾಯ. ನಾಳೆಯಿಂದ ಹಗಲು ದಿನಕ್ಕೊಂದು ಕೋಳಿ ಹೆಜ್ಜೆ ಬೆಳೆಯುತ್ತೆ."

"ಆ ಕೋಳಿ ನಮ್ಮನೆ ಮುಟ್ಟೋ ಹೊತ್ತಿಗೆ ನಾನಿರ್ಬೇಕಲ್ಲ, ಸಾಲ್ವರ್."

ಅವಳು ನಕ್ಕು ಹೋದಳು. ನನಗೆ ನಗು ಬರಲಿಲ್ಲ.

ಒಂದು ಗಂಟೆಯಾಯಿತು. ಕಾರಿನ ಕೀಲಿ ಹಿಡಿದು ನಿಂತವಳು ನಿಂತೇ ಇದ್ದೆ. ಕಟ್ಟಿಬಿಡಲು ನನಗೆ ಅರೆಗಳಿಗೆ ಸಾಕು. ಕಟ್ಟಿದರೆ ಇವತ್ತಿನ ಸೂರ್ಯ ಸಿಗುತ್ತಾನೆ, ಎಗ್ಗರ್ಟ್ ಮಾರ್ಚ್‌ವರೆಗೆ ಹೋದ. ಕಟ್ಟದಿದ್ದರೆ ಸೂರ್ಯನೂ ಇಲ್ಲ. ಎರಡು ಸಲ ಬಗ್ಗಿದೆ, ಎರಡು ಸಲವೂ ನೆಟ್ಟಗಾದೆ. ಮನಸ್ಸಿನಲ್ಲೇ ನರ್ಸಿಗೆ ಶಾಪ ಹಾಕಿದೆ. ಕೋಣೆಗೆ ಹೋಗಿ ದಿಂಬಿಗೆ ಗುದ್ದಿ ಬಂದೆ.

"ಬೈಬೇಡ ಕಣೇ," ಎಂದ, ನಾನು ಬಾಯಿ ಬಿಡದಿದ್ದರೂ. "ಹೆಂಗ್ ಕಟ್ಟೋದು ಅಂತ ಗೊತ್ತು. ಕೈಗೆ ಹೇಳಿದ್ರೆ ಅದು ಕೇಳ್ತಿಲ್ಲ."

ಎದುರು ಬೆಟ್ಟದ ತುದಿಯ ಹಿಮದ ಮೇಲೆ ಸ್ವಲ್ಪ ಕೆಂಪು ಇತ್ತು. ಎರಡೂವರೆ ದಾಟಿದ ಮೇಲೆ ಅದೂ ಆರಿತು.

"ಹೋಯ್ತಾ?"

"ಹೋಯ್ತು."

ನಾನು ಅತ್ತುಬಿಟ್ಟೆ. ಅವನು ಅಳಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ಗಂಟು ಬಿಗಿದ ಸದ್ದಾಯಿತು. ನೋಡಿದರೆ ಕಟ್ಟಿಕೊಂಡಿದ್ದ, ದೋಣಿಯವರು ಹಗ್ಗಕ್ಕೆ ಹಾಕುವ ಗಂಟು.

"ಆಯ್ತು. ನಡಿ," ಎಂದ.

ಹೊರಗೆ ಕತ್ತಲು ಇಳಿಯುತ್ತಿತ್ತು. ಈಗೇಕೆ ಎಂದು ಯಾವ ಬಾಯಲ್ಲಿ ಕೇಳಲಿ? ನಲವತ್ತು ನಿಮಿಷ ಕಾರು ಓಡಿಸಿದೆ. ಕೊಲ್ಲಿಯ ಬಾಯಲ್ಲಿ ಹಿಮ ತುಳಿದು ನಡೆದೆವು. ಕಾಫಿ ಆರಿಹೋಗಿತ್ತು.

"ಎಲ್ಲಿದ್ದ ಅವನು?"

ಕತ್ತಲಿನಲ್ಲಿ ಕೈ ತೋರಿಸಿದೆ. ಎಗ್ಗರ್ಟ್ ತುಂಬ ಹೊತ್ತು ಆ ಕಡೆಗೇ ನೋಡುತ್ತಿದ್ದ. ನಾನು ತೋರಿಸಿದ ದಿಕ್ಕು ಸರಿಯೋ ತಪ್ಪೋ, ನನಗೇ ಗೊತ್ತಿರಲಿಲ್ಲ.

ನಮ್ಮಲ್ಲಿ ಬೂಟು ಹೊಸ್ತಿಲು ದಾಟುವುದಿಲ್ಲ. ಆದರೆ ಆ ಸಂಜೆ ಅವನು ಹಿಮ ಉದುರಿಸುತ್ತಾ ಸೀದಾ ಒಳಗೆ ಹೋಗಿ, ಒಗೆದು ಹಾಸಿದ್ದ ಬಿಳಿ ಹಾಸಿಗೆಯ ಮೇಲೆ ಬೂಟಿನಲ್ಲೇ ಮಲಗಿದ. ನಾನು ಗಂಟಿಗೆ ಕೈ ಹಾಕಿದೆ.

"ಬಿಚ್ಬೇಡ, ಉನ್ನುರ್. ನಾಳೆ ಮತ್ತೆ ಕಟ್ಟೋಕೆ ನನ್ ಕೈಲಾಗಲ್ಲ."

ಕೈ ಹಿಂದಕ್ಕೆ ತೆಗೆದುಕೊಂಡೆ. ಬೂಟಿನ ಕೆಳಗೆ ಹಾಸಿಗೆ ಒದ್ದೆಯಾಗುತ್ತಿತ್ತು. ರಜಾಯಿಯನ್ನು ಕಾಲಿನವರೆಗೂ ಎಳೆದು, ಬೂಟಿನ ಮೇಲೂ ಹೊದಿಸಿದೆ.