ನೊರೆ ಬಾರದ ಏಳನೇ ಟ್ಯೂಬು

ಮೂಡುಬಿದಿರೆಯ ಕಾಲೇಜಿನ ಲ್ಯಾಬಿನಲ್ಲಿ ರಾಫಿಯಾ ಅದೇ ಪ್ರಾಕ್ಟಿಕಲ್ ಪರೀಕ್ಷೆಗೆ ಎರಡನೇ ಸಲ ನಿಂತಿದ್ದಳು. ಹೋದ ವರ್ಷ ಬ್ಯಾಕ್ಟೀರಿಯಾ ಗುರುತಿಸುವ ಗ್ರಾಂ ಬಣ್ಣ ಹಾಕುವಾಗ ಸ್ಲೈಡನ್ನು ಸ್ಪಿರಿಟ್ಟಿನಲ್ಲಿ ಎಷ್ಟು ತೊಳೆದಿದ್ದಳೆಂದರೆ, ನೇರಳೆಯಾಗಿ ಉಳಿಯಬೇಕಿದ್ದ ಬ್ಯಾಕ್ಟೀರಿಯಾಗಳೆಲ್ಲ ಗುಲಾಬಿಯಾಗಿ ಅವಳನ್ನು ನೋಡಿ ನಕ್ಕಿದ್ದವು. ಬೆಳ್ತಂಗಡಿಯ ಒಂದು ಆಸ್ಪತ್ರೆಯವರು ಲ್ಯಾಬಿನಲ್ಲಿ ಕೆಲಸ ಕೊಡಲು ಒಪ್ಪಿದ್ದರು. ಪಾಸಾದರೆ ಈ ತಿಂಗಳೇ ಬಾ, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದಿದ್ದರು.

ಮೇಜಿಗೆ ಒಂದು ಟ್ಯೂಬು, ಇಬ್ಬರು ವಿದ್ಯಾರ್ಥಿಗಳು. ಒಳಗಿರುವ ಬ್ಯಾಕ್ಟೀರಿಯಾ ಯಾವುದೆಂದು ಇಬ್ಬರೂ ತಮ್ಮಷ್ಟಕ್ಕೆ ತಾವು ಪರೀಕ್ಷಿಸಿ ಬರೆಯಬೇಕು. ಏಳನೇ ಟ್ಯೂಬಿಗೆ ಅವಳ ಜೊತೆಗಾರ ಶ್ರೇಯಾಂಸ್, ತರಗತಿಗೇ ಮೊದಲಿಗ.

"ಈ ಸಲವೂ ಪಿಂಕ್ ಮಾಡ್ಬೇಡ ಮಾರಾಯ್ತಿ," ಎಂದೇ ಅವನು ಅವಳನ್ನು ಸ್ವಾಗತಿಸಿದ್ದ.

ರಾಫಿಯಾ ಸ್ಲೈಡಿಗೆ ಬಣ್ಣ ಹಾಕಿದಳು. ಸ್ಪಿರಿಟ್ ಬಿಡುವಾಗ ಮನಸ್ಸಿನಲ್ಲೇ ಬ್ಯಾರಿ ಭಾಷೆಯಲ್ಲಿ ಹತ್ತರವರೆಗೆ ಎಣಿಸಿ ನಿಲ್ಲಿಸಿದಳು. ಸೂಕ್ಷ್ಮದರ್ಶಕದಡಿ ನೇರಳೆ ಗುಂಡುಗಳು ಸರದಂತೆ ಸಾಲಾಗಿ ಕಂಡವು. ಶ್ರೇಯಾಂಸ್ ಸ್ಲೈಡಿಗೆ ದಪ್ಪಗೆ ಬಳಿದಿದ್ದ. ಅವನಿಗೆ ಕಂಡದ್ದು ಗೊಂಚಲು.

ಯಾರು ಸರಿ ಎಂಬುದನ್ನು ಕ್ಯಾಟಲೇಸ್ ಪರೀಕ್ಷೆ ಹೇಳಬೇಕಿತ್ತು. ಒಂದು ಹನಿ ಹೈಡ್ರೋಜನ್ ಪೆರಾಕ್ಸೈಡಿಗೆ ಬ್ಯಾಕ್ಟೀರಿಯಾ ತಾಗಿಸಿದಾಗ ನೊರೆ ಬಂದರೆ ಗೊಂಚಲಿನ ಸ್ಟೆಫಿಲೊಕಾಕಸ್, ಬಾರದಿದ್ದರೆ ಸರದಂಥ ಸ್ಟ್ರೆಪ್ಟೊಕಾಕಸ್.

ಬ್ಯಾಕ್ಟೀರಿಯಾ ಎತ್ತುವ ಲೂಪುಗಳು ಆ ವರ್ಷ ಒಂದೊಂದಾಗಿ ಮುರಿದುಹೋಗಿದ್ದವು. ಅಟೆಂಡರ್ ನೋಣಯ್ಯ, ಕಟ್ಟಡದವರು ಸರಳು ಕಟ್ಟಲು ಬಳಸುವ ಕಬ್ಬಿಣದ ತಂತಿಯನ್ನು ಬಗ್ಗಿಸಿ ಹೊಸದನ್ನು ತಯಾರಿಸಿ ಹಂಚಿದ್ದರು. ಕೊನೆಗೆ ಒಂದು ಕಡಿಮೆ ಬಿತ್ತು. ಹತ್ತಿ ಸುತ್ತಲೆಂದು ಹಬೆಯಲ್ಲಿ ಬೇಯಿಸಿಟ್ಟಿದ್ದ, ತೆಂಗಿನ ಗರಿಯ ಹಿಡಿಸೂಡಿ ಕಡ್ಡಿಯೊಂದನ್ನು ರಾಫಿಯಾಳ ಕೈಗಿಟ್ಟು, ಇವತ್ತಿಗೆ ಸುಧಾರಿಸಮ್ಮಾ ಎಂದಿದ್ದರು.

ಅವಳ ಕಡ್ಡಿ ತಾಗಿದ ಹನಿ ಅಲುಗಲಿಲ್ಲ. ಶ್ರೇಯಾಂಸನ ಹನಿ ಸೋಡಾದಂತೆ ಉಕ್ಕಿತು.

ರಾಫಿಯಾ ಎರಡೂ ಹನಿಗಳನ್ನು ಮತ್ತೆ ಬಗ್ಗಿ ನೋಡಿದಳು. ಹೋದ ವರ್ಷವೂ ತಾನು ಕಂಡದ್ದೇ ನಿಜವೆಂದು ಬರೆದು ಕೆಟ್ಟಿದ್ದಳು. ಶ್ರೇಯಾಂಸ್ ದೊಡ್ಡ ಮನಸ್ಸು ಮಾಡಿ, ಸ್ಟೆಫಿಲೊಕಾಕಸ್ ಅಂತಲೇ ಬರೆ, ಪಾಸಾದ್ರೆ ಆಯ್ತಲ್ಲ ಎಂದು ಪಿಸುಗುಟ್ಟಿದ. ಸುತ್ತಲೂ ನೋಡಿದಳು. ಎಲ್ಲ ಮೇಜಿನಲ್ಲೂ ನೊರೆ. ಉಳಿದ ಆರು ಮೇಜು, ಬೇರೆ ಬೇರೆ ಟ್ಯೂಬು, ಒಂದಕ್ಕಾದರೂ ನೊರೆ ತಪ್ಪಬೇಡವೇ?

ಶ್ರೇಯಾಂಸ್ ಬರೆಯಲು ಬಗ್ಗಿದಾಗ ಅವನ ಲೂಪನ್ನು ಮೆಲ್ಲಗೆ ಎಳೆದುಕೊಂಡಳು. ಇದ್ದಬದ್ದ ಬ್ಯಾಕ್ಟೀರಿಯಾ ಸುಟ್ಟುಹೋಗುವಂತೆ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಆರಿಸಿ, ಯಾವ ಬ್ಯಾಕ್ಟೀರಿಯಾವನ್ನೂ ಮುಟ್ಟಿಸದೆ ಹೊಸ ಹನಿಗೆ ಅದ್ದಿದಳು. ನೊರೆ ಬಂತು. ಹನಿಯನ್ನು ಉಕ್ಕಿಸುತ್ತಿದ್ದುದು ಬ್ಯಾಕ್ಟೀರಿಯಾ ಅಲ್ಲ, ನೋಣಯ್ಯನವರ ಕಬ್ಬಿಣ. ಖುಷಿಗೆಂದು ಇನ್ನೊಮ್ಮೆ ಅದ್ದಿದಳು. ಆಮೇಲೆ ಲೂಪನ್ನು ಇದ್ದಲ್ಲೇ ಇಟ್ಟು, ಉತ್ತರದ ಹಾಳೆಯಲ್ಲಿ ಸ್ಟ್ರೆಪ್ಟೊಕಾಕಸ್ ಎಂದು ಬರೆದು, ಕೈಕಟ್ಟಿ ನಿಂತಳು. ಲ್ಯಾಬೆಲ್ಲ ಹುರುಪಿನಿಂದ ತಪ್ಪು ಬರೆಯುತ್ತಿತ್ತು. ಆ ಹತ್ತು ನಿಮಿಷದ ಮೌನ ಬೆಲ್ಲದಂತೆ ನಾಲಿಗೆಯ ಮೇಲೆ ಕರಗಿತು.

ಹೊರಗಿನಿಂದ ಬಂದಿದ್ದ ಪರೀಕ್ಷಕಿ ಎರಡೂ ಹಾಳೆ ನೋಡಿ, ಒಂದೇ ಟ್ಯೂಬಿಗೆ ಎರಡು ಹೆಸರು ಹೇಗೆ ಎಂದು ಕೇಳಿದರು. ರಾಫಿಯಾ ಶ್ರೇಯಾಂಸನ ಲೂಪನ್ನು ಅವರೆದುರೇ ಕಾಯಿಸಿ, ಆರಿಸಿ, ಹನಿಗೆ ಅದ್ದಿದಳು.

ಪರೀಕ್ಷಕಿ ನೊರೆಯ ಮೇಲೆ ಬಗ್ಗಿ ನೋಡಿದರು. ಆಮೇಲೆ ಶ್ರೇಯಾಂಸನತ್ತ ತಿರುಗಿದರು.

"ಈಗ ಇದರಲ್ಲಿ ಯಾವ ಬ್ಯಾಕ್ಟೀರಿಯಾ ಉಂಟು, ಹೇಳಿ ನೋಡುವ."

ಅವನ ಕಿವಿ ಕೆಂಪಾಯಿತು. ಪರೀಕ್ಷಕಿ ರಾಫಿಯಾಳ ಹಾಳೆಗೆ ಪಾಸಿನ ಸಹಿ ಹಾಕಿ, ಉಳಿದವರೆಲ್ಲ ಆ ಪರೀಕ್ಷೆಯನ್ನು ಮತ್ತೆ ಮಾಡಬೇಕೆಂದು ಸಾರಿದರು. ನೋಣಯ್ಯ ತಮಗೆ ಕೇಳಿಸಲೇ ಇಲ್ಲವೆಂಬಂತೆ ಕಿಟಕಿಯ ಗಾಜು ಒರೆಸತೊಡಗಿದರು.

"ಮೊದಲೇ ಒಂದು ಮಾತು ಹೇಳ್ಲಿಕ್ಕೆ ಆಗ್ತಿರ್ಲಿಲ್ವಾ?" ಶ್ರೇಯಾಂಸ್ ಹಲ್ಲು ಕಚ್ಚಿ ಕೇಳಿದ.

ರಾಫಿಯಾ ಬ್ಯಾಗು ಹೆಗಲಿಗೇರಿಸಿದಳು.

"ಪರೀಕ್ಷೆಯಲ್ಲಿ ಮಾತಾಡ್ಲಿಕ್ಕೆ ಇಲ್ಲ ಅಲ್ವಾ ಮಾರಾಯ."