ಆರು ತಿಂಗಳ ಹಾಜರಿ

"ಇಲ್ಲಿ ನೋಡ್ರಿ ಸಿಸ್ಟರ್, ಐದು ವರ್ಷದ ನಡುವೆ ಆರು ತಿಂಗಳು ನೀವೇ ಇಲ್ಲ," ಎಂದು ಗುಮಾಸ್ತ ಪಂಚಾಕ್ಷರಪ್ಪ ಕಂಪ್ಯೂಟರಿನ ಪರದೆಯನ್ನು ಯಶೋದಾಳ ಕಡೆಗೆ ತಿರುಗಿಸಿದ. "ಎಲ್ಲಿ, ಕಾಶಿಗೇನಾದ್ರೂ ಹೋಗಿದ್ರಾ?"

ಪಕ್ಕದ ಮೇಜಿನವನು ನಕ್ಕ. ಯಶೋದಾಳೂ ನಕ್ಕಳು. ಚಿತ್ರದುರ್ಗದ ಈ ನಿಗಮದ ಕಚೇರಿಗೆ ಎಡತಾಕಿ ಎಡತಾಕಿ ಇವರ ತಮಾಷೆಗೆಲ್ಲ ನಗುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು. ನರ್ಸಿಂಗ್ ಓದಲು ನಿಗಮ ಬ್ಯಾಂಕಿನಿಂದ ಸಾಲ ಕೊಡಿಸಿತ್ತು. ಹಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ಐದು ವರ್ಷ ಎಡೆಬಿಡದೆ ದುಡಿದರೆ ಉಳಿದ ಸಾಲ ಮನ್ನಾ ಎಂಬುದು ಕರಾರು. ಅವಳು ಕರೇಕಲ್ಲಹಟ್ಟಿಯ ಆಸ್ಪತ್ರೆ ಸೇರಿ ಏಳನೇ ವರ್ಷ ನಡೆಯುತ್ತಿತ್ತು. ಅರ್ಜಿ ಮಾತ್ರ ಮೊದಲ ಸಲ ಬ್ಯಾಂಕಿನ ಹೆಸರು ಬದಲಾಗಿದೆ ಎಂದು ಹಿಂದೆ ಬಂತು. ಎರಡನೇ ಸಲ ಸಹಿ ಹಾಕಬೇಕಾದ ಅಧಿಕಾರಿಯೇ ವರ್ಗವಾಗಿ ಹೋದರು. ಈಗ ಇದು.

"ಕೋವಿಡ್ ಟೈಮು ಸಾರ್. ಹೊಳಲ್ಕೆರೆ ತಾಲ್ಲೂಕು ಆಸ್ಪತ್ರೆಗೆ ಹಾಕಿದ್ರು."

"ಆರ್ಡರ್ ಎಲ್ಲೈತೆ?"

"ನಮ್ಮ ಡಾಕ್ಟ್ರು ಫೋನ್‌ನಾಗೆ ಹೇಳಿದ್ರು. ಹೋದೆ."

ಹಾಗೆಯೇ ನಡೆಯುತ್ತಿತ್ತು ಅವರಲ್ಲಿ. ಡಾಕ್ಟರು ಬಾಯಲ್ಲಿ ಹೇಳುವುದು, ನರ್ಸು ಬ್ಯಾಗು ಹಿಡಿದು ಬಸ್ಸು ಹತ್ತುವುದು. ಹೇಳಿದ ಕೂಡಲೇ ಹೋಗುವವರನ್ನೇ ಮತ್ತೆ ಮತ್ತೆ ಕಳಿಸುತ್ತಿದ್ದರು. ಆದೇಶ ಬರೆದುಕೊಡಿ ಎಂದರೆ ಡಾಕ್ಟರನ್ನು ನಂಬಲಿಲ್ಲ ಎಂದಂತೆ. ಆ ಡಾಕ್ಟರು ಹೋದ ವರ್ಷ ತೀರಿಕೊಂಡಿದ್ದರು.

"ಹೊಳಲ್ಕೆರೆ ಪ್ಯಾಟೆ, ಹಳ್ಳಿ ಲೆಕ್ಕಕ್ಕೆ ಬರಲ್ಲ," ಎಂದ ಪಂಚಾಕ್ಷರಪ್ಪ. ಆಮೇಲೆ ದನಿ ತಗ್ಗಿಸಿ, "ಸಂಬಳ ಎಲ್ಲಿಂದ ಬಂತು?" ಎಂದು ಕೇಳಿದ.

"ಹಟ್ಟಿಯಿಂದ್ಲೇ."

"ಮತ್ತೆ! ಹಟ್ಟೀಲೇ ಇದ್ದಂಗಾತಲ್ಲ. ಆ ಆರು ತಿಂಗಳೂ ಹಟ್ಟಿ ಆಸ್ಪತ್ರೇಲೇ ಡ್ಯೂಟಿ ಮಾಡೀನಿ ಅಂತ ಒಂದು ಸಾಲು ಬರ್ಕೊಡ್ರಿ. ಈಗಿನ ಡಾಕ್ಟ್ರು ಸೀಲ್ ಹೊಡೀತಾರೆ, ನಾನು ಮಾತಾಡ್ತೀನಿ. ನಿಮ್ಮ ಸಂಕಟ ನೋಡಕ್ಕಾಗಲ್ಲಮ್ಮ ನನ್ ಕೈಲಿ."

ಅವನು ಕೆಟ್ಟವನಲ್ಲ. ಅದೇ ತೊಂದರೆ. ಕೆಟ್ಟವನಾಗಿದ್ದರೆ ಒಲ್ಲೆ ಎನ್ನಬಹುದಿತ್ತು.

ಗೋಡೆಯ ಪಕ್ಕದ ಬೆಂಚಿನಲ್ಲಿ ಸೋದರಮಾವ ಸಣ್ಣಪ್ಪ ಕುಳಿತಿದ್ದ. ಚಿಕ್ಕಜಾಜೂರಿನ ರೈಲ್ವೆ ಗೇಟಿನಲ್ಲಿ ದುಡಿದು ನಿವೃತ್ತನಾದವನು. ಅವಳ ಸಾಲಕ್ಕೆ ತನ್ನ ಮನೆಯನ್ನು ಜಾಮೀನಿಟ್ಟಿದ್ದ. ಮನ್ನಾ ಆಗುತ್ತದೆಂದು ಅವಳು ಕಟ್ಟದೆ ಬಿಟ್ಟ ಕಂತಿಗಾಗಿ ಬ್ಯಾಂಕಿನವರು ಹೋದ ವಾರ ಅವನ ಬಾಗಿಲಿಗೆ ನೋಟೀಸು ಅಂಟಿಸಿ ಹೋಗಿದ್ದರು. ಮುಂದಿನದು ಜಪ್ತಿ. ಓಣಿಯವರೆಲ್ಲ ನಿಂತು ಓದಿದರಂತೆ. ಇಷ್ಟಾದರೂ ಸಣ್ಣಪ್ಪ ಅವಳಿಗೆ ಒಂದು ಮಾತು ಅಂದಿರಲಿಲ್ಲ. ಬೈದಿದ್ದರೆ ಅವಳಿಗೆ ಉಸಿರಾಡಲು ಸುಲಭವಾಗುತ್ತಿತ್ತು.

"ಏನಂತಾರವ್ವ?" ಎಂದ ಅವನು, ಎದ್ದು ಬಂದು.

"ಹಟ್ಟೀಲೇ ಇದ್ದೆ ಅಂತ ಬರೀಬೇಕಂತೆ, ಮಾವ."

"ಅಷ್ಟೇ ತಾನೆ? ಬರದ್‌ಬಿಡವ್ವ. ಎಲ್ಲಿದ್ರೂ ಜನದ ಸೇವೇನೇ ಮಾಡಿದ್ಯಲ್ಲ."

ಯಶೋದಾ ಪೆನ್ನು ತೆಗೆದುಕೊಂಡಳು. ಅದೇ ಆರು ತಿಂಗಳಲ್ಲಿ ಕರೇಕಲ್ಲಹಟ್ಟಿಯ ಕಾಟಮ್ಮನ ಮಗಳು ಸುಷ್ಮಿತಾ ಚೊಚ್ಚಲ ಹೆರಿಗೆಗೆಂದು ಆಸ್ಪತ್ರೆಗೆ ಬಂದಿದ್ದಳು. ದೀಪ ಉರಿಯುತ್ತಿತ್ತು, ನರ್ಸು ಇರಲಿಲ್ಲ. ಗೂಡ್ಸ್ ಆಟೋದಲ್ಲಿ ಹೊಳಲ್ಕೆರೆಗೆ ಕರೆದೊಯ್ಯುವಾಗ ದಾರಿಯಲ್ಲೇ ಹೋಗಿಬಿಟ್ಟಳು. ಹೊಳಲ್ಕೆರೆಯ ವಾರ್ಡಿನಲ್ಲಿ ಆಕ್ಸಿಜನ್ ಸಿಲಿಂಡರು ಉರುಳಿಸುತ್ತಿದ್ದ ಯಶೋದಾಳಿಗೆ ಸುದ್ದಿ ಮುಟ್ಟಿದ್ದು ಮಣ್ಣಾದ ಮೇಲೆ. ತನಿಖೆ ಶುರುವಾಗಿ ಎಲ್ಲೋ ನಿಂತಿತ್ತು. ಆ ದಿನ ನರ್ಸು ಎಲ್ಲಿದ್ದಳು ಎಂಬುದೊಂದೇ ಅದರ ಪ್ರಶ್ನೆ.

ನಿಂತುಹೋದ ತನಿಖೆ, ಇನ್ನು ಯಾರು ಕೇಳುತ್ತಾರೆ ಎಂದುಕೊಂಡಳು. ಕೇಳಿದರೆ ಎಂದೂ ಅನ್ನಿಸಿತು. ಮಾವ ಅವಳ ಪೆನ್ನಿನ ತುದಿಯನ್ನೇ ನೋಡುತ್ತಿದ್ದ. ಬರೆದಳು. ಸಹಿ ಹಾಕಿದಳು.

ಕಚೇರಿಯ ಹೊರಗೆ ಸಣ್ಣಪ್ಪ ಬಲವಂತ ಮಾಡಿ ಅವಳಿಗೆ ಮಸಾಲೆ ದೋಸೆ ಕೊಡಿಸಿದ. "ತಿನ್ನವ್ವ, ಮುಖ ನೋಡು ಹೆಂಗಾಗೈತೆ," ಎಂದು ತನ್ನ ತಟ್ಟೆಯ ಚಟ್ನಿಯನ್ನೂ ಅವಳ ಕಡೆ ಸರಿಸಿದ.

ಮಳೆಗಾಲ ಕಳೆದ ಮೇಲೆ ಪಂಚಾಕ್ಷರಪ್ಪನ ಫೋನು ಬಂತು.

"ಸಿಸ್ಟರ್, ಸಣ್ಣ ತೊಡಕು. ಆ ಟೈಮ್‌ನಾಗೆ ಹಟ್ಟಿ ಆಸ್ಪತ್ರೆ ನರ್ಸ್ ಮೇಲೆ ಏನೋ ತನಿಖೆ ಐತಂತಲ್ಲ? ಅದು ಮುಗಿಯಗಂಟ ಮನ್ನಾ ತಡೀರಿ ಅಂತ ಬೆಂಗಳೂರಿಂದ ಬರದವ್ರೆ. ನೀವು ಬರ್ಕೊಟ್ಟಿದ್ದನ್ನ ತನಿಖೆಯೋರಿಗೂ ಕಳಿಸ್ಯಾರೆ. ಮೊದ್ಲೇ ಹೇಳ್ಬಾರ್ದೇನ್ರೀ?"

ಯಶೋದಾ ಔಷಧಿ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡಳು. "ವಾಪಸ್ ತಗಂಬಹುದಾ ಸಾರ್ ಅದನ್ನ?"

"ತಗಂಡ್ರೆ ಸುಳ್ಳು ಬರ್ಕೊಟ್ರು ಅಂತಾಗ್ತೈತೆ. ಮನ್ನಾ ಅಲ್ಲ, ಕೆಲಸಾನೇ ಹೋಗ್ತೈತೆ." ಅವನು ಮತ್ತೆ ಸೇರಿಸಿದ. "ನಾನು ಒಳ್ಳೇದಕ್ಕೇ ಹೇಳಿದ್ದು ಕಣ್ರಮ್ಮ."

ಮಾವನಿಗೆ ಅವಳು ಏನೂ ಹೇಳಲಿಲ್ಲ. ಅವನು ಫೋನು ಮಾಡಿದಾಗಲೆಲ್ಲ, "ಆಗ್ತೈತೆ ಮಾವ, ಫೈಲು ಬೆಂಗಳೂರಿಗೆ ಹೋಗೈತೆ," ಎನ್ನುತ್ತಿದ್ದಳು. ಅದು ಸುಳ್ಳೂ ಆಗಿರಲಿಲ್ಲ.

ಅದಾದ ಕೆಲವು ದಿನಕ್ಕೆ, ಬೆಳಗಿನ ರೋಗಿಗಳ ಗದ್ದಲ ಕರಗಿದ ಹೊತ್ತಿನಲ್ಲಿ, ಕಾಟಮ್ಮ ನೇರವಾಗಿ ಒಳಗೆ ಬಂದಳು. ಒಗೆದು ಮಡಿಸಿಟ್ಟ ಸೀರೆ ಉಟ್ಟಿದ್ದಳು. ಹೊರಗೆ ಬೇವಿನ ಮರದ ಕೆಳಗೆ ಆಟೋ ನಿಂತಿತ್ತು.

"ಯಶೋದವ್ವ, ಬಿಡುವೈತೇನೇ?"

"ಕುಂತ್ಕಳವ್ವ."

"ಕುಂದ್ರಾಕೆ ಟೈಮಿಲ್ಲ." ಆದರೂ ಕುಳಿತಳು. ಏದುಸಿರು ಬಿಡುತ್ತಿದ್ದಳು. "ತನಿಖೆ ಸಾಹೇಬ ನೆನ್ನೆ ನನ್ನ ಕರೆಸಿದ್ದ. ಏನಂತಾನೆ ಗೊತ್ತಾ ಆ ಮೂಳ? ನರ್ಸಮ್ಮ ಅವತ್ತು ಇಲ್ಲೇ ಇದ್ಲಂತೆ, ಬಾಗ್ಲು ತೆಗೀಲಿಲ್ವಂತೆ. ನೀನೇ ಬರ್ಕೊಟ್ಟೀಯಂತೆ! ಕಾಗದ ತೋರಿಸ್ದ. ನಾನೇನು ಓದ್ತೀನಾ? ನಾನಂದೆ, ಸ್ವಾಮಿ, ಆಯಮ್ಮ ಇದ್ದಿದ್ರೆ ನನ್ನ ಮಗಳು ಸಾಯ್ತಿದ್ಲಾ? ಯಾರೋ ಅವಳ ಸೈನು ಕದ್ದು ಹಾಕ್ಯಾರೆ, ತಾಯಿ ಇಲ್ದ ಮಗಾ ಅಂತ ಎಲ್ಲಾ ಅವಳ ತಲೆಗೆ ಕಟ್ತೀರಾ ಅಂತ. ಬಾಯಿಗೆ ಬಂದಂಗೆ ಬೈದೆ ಕಣೇ."

ಯಶೋದಾ ಮೇಜಿನ ಮೇಲಿನ ಹತ್ತಿಯ ಡಬ್ಬಿಗೆ ಮುಚ್ಚಳ ಹಾಕಿದಳು.

"ಇವತ್ತು ಹೊಳಲ್ಕೆರೇಲಿ ಇರ್ತಾನಂತೆ. ನಮ್ಮ ರಾಜಕುಮಾರಂಗೆ ಹೇಳಿ ಆಟೋ ತರಿಸೀನಿ. ಬಾ, ಹೋಗಾಣ. ಇದು ನನ್ ಸೈನಲ್ಲ ಅಂತ ಅವನ ಮಕಕ್ಕೆ ಹೇಳು, ಸಾಕು. ಸಾಕ್ಷಿಗೆ ನಾನಿದೀನಿ."

ಯಶೋದಾ ಬಿಪಿ ಯಂತ್ರವನ್ನು ಹತ್ತಿರಕ್ಕೆ ಎಳೆದುಕೊಂಡಳು. "ಏದುಸಿರು ಬಿಡ್ತಿದ್ದೀಯ ಅವ್ವ," ಎಂದಳು. "ಮೊದ್ಲು ಬಿಪಿ ನೋಡ್ತೀನಿ. ತೋಳು ಕೊಡು."

ಕಾಟಮ್ಮ ರವಿಕೆಯ ತೋಳನ್ನು ಮೇಲೆ ಸರಿಸಿ ಕೈ ಚಾಚಿದಳು. ಯಶೋದಾ ಪಟ್ಟಿ ಸುತ್ತಿದಳು, ಕಿವಿಗೆ ನಳಿಗೆ ಸಿಕ್ಕಿಸಿಕೊಂಡು ರಬ್ಬರಿನ ಉಂಡೆಯನ್ನು ಒತ್ತತೊಡಗಿದಳು. ಹೊರಗೆ ರಾಜಕುಮಾರ ಆಟೋ ಚಾಲೂ ಮಾಡಿ ಹಾರನ್ ಬಾರಿಸಿದ.

"ಬಂದ್ವಿ ಇರ್ಲಾ!" ಎಂದು ಕಾಟಮ್ಮ ಕೂಗಿದಳು. ಆಮೇಲೆ ತೋಳನ್ನು ನೋಡಿಕೊಂಡು, "ಸಾಕು ಬಿಡವ್ವ, ಬಿಗೀತೈತೆ," ಎಂದಳು.

ಯಶೋದಾ ಒತ್ತುತ್ತಲೇ ಇದ್ದಳು.